ಗೋಡೆಗೆ ಹತ್ತಿದ ಜೋಳ

ರೋಣ, ೨೪ ನವೆಂಬರ್ ೧೯೫೬, ಶನಿವಾರ

ಅಕ್ಕ ಹದಿನಾಲ್ಕು ತಿಂಗಳು ಮುಚ್ಚಿಟ್ಟಿದ್ದಳು. ಅವಳಿಗೆ ಎಡಗೈ ಮೇಲೆತ್ತಲು ಬಾರದ್ದರಿಂದ ಮೊನ್ನೆ ನನ್ನ ಹೆಂಡತಿ ಬಾಳವ್ವ ನೀರು ಹಾಕಲು ಹೋದಾಗ ಕಂಡಿತು. ಎದೆಯಲ್ಲಿ ಲಿಂಬೆಕಾಯಿಗಿಂತ ದೊಡ್ಡ ಗಂಟು, ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿದೆ. ಬಾಳವ್ವ ಅಡಿಗೆಮನೆಯಲ್ಲಿ ಅತ್ತು, ಆಮೇಲೆ ಬಂದು ನನಗೆ ಹೇಳಿದಳು.

ಇಂದು ಡಾಕ್ಟರ್ ಮಹಾಲಿಂಗಪ್ಪನವರು ಮನೆಗೆ ಬಂದು ನೋಡಿದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವರು ಕೈ ತೊಳೆದುಕೊಂಡು ಹೊರಗೆ ಬಂದು, "ಮುಂಬೈಗೆ ಕರಕೊಂಡು ಹೋಗ್ರಿ. ಲಗೂ ಹೋಗ್ರಿ" ಎಂದರು. ರೋಗದ ಹೆಸರು ಹೇಳಲಿಲ್ಲ. ನಾನು ಇಂಗ್ಲಿಷಿನಲ್ಲಿ ಕೇಳಿದೆ, ಅವರು ಹೌದೆಂದು ತಲೆಯಾಡಿಸಿದರು.

"ಯಾಕ ಹೇಳಲಿಲ್ಲ?" ಎಂದು ಅಕ್ಕನನ್ನು ಕೇಳಿದೆ.

"ಯಾರಿಗೆ ಹೇಳ್ಲೋ? ಗಂಡಸ ಡಾಕ್ಟರನ ಮುಂದ ಕುಪ್ಪಸ ಬಿಚ್ಚಲೇನು?"

ಈ ಊರಿಗೆ ಹೆಣ್ಣು ಡಾಕ್ಟರು ಬೇಕೆಂದು ನಾನು ೧೯೪೯ರಿಂದ ನಾಲ್ಕು ಅರ್ಜಿ ಬರೆದಿದ್ದೇನೆ. ನಾಲ್ಕರ ಪ್ರತಿಗಳೂ ನನ್ನ ಕಪಾಟಿನಲ್ಲಿವೆ. ಬಂದ ಉತ್ತರ ಒಂದೇ: ವಿಚಾರದಲ್ಲಿದೆ. ಆಗ ನಾವು ಮುಂಬೈ ಸರಕಾರದವರು, ಈ ತಿಂಗಳು ಒಂದನೇ ತಾರೀಖಿನಿಂದ ಮೈಸೂರಿನವರು. ಪಟಾಕಿ ಹಾರಿಸಿದೆವು, ನಾನೂ ಹಾರಿಸಿದೆ. ವಿಚಾರದಲ್ಲಿದ್ದ ಅರ್ಜಿ ಮುಂಬೈಯಲ್ಲಿ ಕುಳಿತಿದೆಯೋ, ರೈಲು ಹತ್ತಿ ಬೆಂಗಳೂರಿಗೆ ಹೋಗಿದೆಯೋ ಯಾರಾದರೂ ಹೇಳಲಿ. ಐದನೆಯ ಅರ್ಜಿಯನ್ನು ನಾಳೆಯೇ ಬರೆಯುತ್ತೇನೆ. ನರಗುಂದದ ಬಸ್ಸಿನ ವಿಷಯವನ್ನು ಅದರಲ್ಲಿ ಸೇರಿಸುವುದು ಬೇಡ. ಬೇರೆ ಅರ್ಜಿ ಬರೆಯಬೇಕು.

೧೫ ಡಿಸೆಂಬರ್, ಶನಿವಾರ

ಮುಂಬೈಯಿಂದ ಬಂದೆವು. ಹೋಗಿ ಬರುವುದು ಸೇರಿ ಹದಿಮೂರು ದಿನ.

ಅಲ್ಲಿಯ ದೊಡ್ಡ ದವಾಖಾನೆಯ ಡಾಕ್ಟರು ಸಭ್ಯ ಮನುಷ್ಯ. ಫೋಟೋ ತೆಗೆದ ಹಾಳೆಯನ್ನು ಬೆಳಕಿಗೆ ಹಿಡಿದು ಬೆನ್ನೆಲುಬಿನಲ್ಲಿ ಎರಡು ಕಡೆ ಬೆರಳಿಟ್ಟು ತೋರಿಸಿದ. ಕತ್ತರಿಸಿ ಉಪಯೋಗವಿಲ್ಲ ಎಂದ. ಬೆನ್ನು ನೋವಿಗೆ ಐದು ದಿನ ಕಿರಣ ಹಾಕಿದರು. ಅವಧಿ ಕೇಳಿದೆ. ಆರು ತಿಂಗಳು, ಕಡಿಮೆಯೂ ಆಗಬಹುದು ಎಂದ.

ರೈಲಿನಲ್ಲಿ ಅಕ್ಕ ಕೇಳಿದಳು: "ಏನಂದ ಆ ಬಿಳೇ ಕೋಟಿನವ?"

"ಮನೀಗೆ ಹೋಗ್ರಿ ಅಂದ."

"ಅಷ್ಟು ಹೇಳಿಸ್ಕೊಳ್ಳಾಕ ಮುಂಬೈ ತನಕ ಬರಬೇಕಾಗಿತ್ತೇನೋ? ನಾ ರೋಣದಾಗ ಮನ್ಯಾಗ ಇದ್ನಲ್ಲ."

ಎದುರು ಕುಳಿತವರು ನಕ್ಕರು. ನಾನೂ ನಕ್ಕಿರಬೇಕು.

೨೭ ಡಿಸೆಂಬರ್, ಗುರುವಾರ

ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಈಶಪ್ಪ ನನ್ನ ಮ್ಯಾಟ್ರಿಕ್ ಸಹಪಾಠಿ. ಅವನಿಗೆ ಬರೆದಿದ್ದೆ. ಇಂದು ಅಂಚೆಯಲ್ಲಿ ಈ ವರ್ಷದ ಫೆಬ್ರುವರಿಯ ಒಂದು ಅಮೇರಿಕದ ವಿಜ್ಞಾನ ಪತ್ರಿಕೆ ಬಂತು. ಅದರಲ್ಲಿ ಒಬ್ಬ ಜರ್ಮನ್ ವಿಜ್ಞಾನಿಯ ಲೇಖನ ಇದೆ. ನಿಘಂಟು ಇಟ್ಟುಕೊಂಡು ಮೂರು ಸಲ ಓದಿದೆ. ತಿಳಿದದ್ದನ್ನು ಬರೆದಿಡುತ್ತೇನೆ.

ನಮ್ಮ ಮೈ ಕೋಟ್ಯಂತರ ಜೀವಕಣಗಳಿಂದ ಆಗಿದೆ. ಪ್ರತಿ ಕಣವೂ ಸಕ್ಕರೆಯನ್ನು ತಿಂದು, ಗಾಳಿಯ ಸಹಾಯದಿಂದ ಅದನ್ನು ಪೂರ್ತಿ ಉರಿಸಿ, ಶಕ್ತಿ ಪಡೆಯುತ್ತದೆ. ಇದು ಕಣದ ಉಸಿರಾಟ. ಗಾಳಿ ಸಿಗದಾಗ ಸಕ್ಕರೆಯನ್ನು ಅರ್ಧಕ್ಕೇ ಒಡೆದು ಹುಳಿ ಮಾಡಿ ಹೊರಹಾಕುತ್ತದೆ. ಇದು ಹುದುಗು. ಈ ದಾರಿಯಲ್ಲಿ ಸಿಗುವ ಶಕ್ತಿ ಬಹಳ ಕಡಿಮೆ, ಆದ್ದರಿಂದ ಸಕ್ಕರೆ ಬಹಳ ಬೇಕು. ಕ್ಯಾನ್ಸರಿನ ಕಣ, ಗಾಳಿ ಇದ್ದರೂ, ಹುದುಗಿನಿಂದಲೇ ಬದುಕುತ್ತದೆ. ಮೊದಲು ಉಸಿರಾಟ ಕೆಡುತ್ತದೆ, ಸಾಯದೆ ಉಳಿದ ಕಣ ಹುದುಗಲು ಕಲಿಯುತ್ತದೆ, ಬೆಳೆಯುವುದೊಂದನ್ನು ಬಿಟ್ಟು ಉಳಿದ ಕೆಲಸ ಮರೆಯುತ್ತದೆ. ಮೂವತ್ತು ವರ್ಷಗಳ ಹಿಂದೆಯೇ ಇದನ್ನು ಕಂಡಿದ್ದನಂತೆ.

ಮೂವತ್ತು ವರ್ಷ! ಒಬ್ಬ ಡಾಕ್ಟರಾದರೂ ನನಗೆ ಹೇಳಿದನೇ?

ಇದನ್ನು ತಿಳಿಯಲು ನನಗೆ ಜರ್ಮನಿ ಬೇಕಿರಲಿಲ್ಲ. ನಮ್ಮ ಮನೆಯ ಮುಂದಿನ ಹಗೇವು ಸಾಕು. ನೆಲದಲ್ಲಿ ಎರಡಾಳು ಆಳದ ಗಡಿಗೆಯಂಥ ಕುಣಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಜೋಳ ತುಂಬಿ ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುತ್ತದೆ. ಹುಳ ಸಾಯುತ್ತದೆ, ಕಾಳು ನಿದ್ದೆ ಹೋಗುತ್ತದೆ, ಎರಡು ವರ್ಷ ಕೆಡುವುದಿಲ್ಲ. ಆದರೆ ಗೋಡೆಗೆ ಹತ್ತಿದ ಜೋಳ ಮಣ್ಣಿನ ಪಸೆ ಕುಡಿದು ಹುದುಗುತ್ತದೆ. ಕಪ್ಪಾಗುತ್ತದೆ, ಹುಳಿ ವಾಸನೆ ಬರುತ್ತದೆ. ಅದನ್ನು ಬೇರೆ ಮಾಡಿ ದನಕ್ಕೆ ಹಾಕುತ್ತೇವೆ.

ಮತ್ತು ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು. ಒಂದು ದಿನ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ತಳದ ತನಕ ಉರಿದರೆ ಇಳಿಯಬೇಕು. ೧೯೧೮ರಲ್ಲಿ ಅಪ್ಪ ಕಾಯಲಿಲ್ಲ. ಜೋಳ ಒಯ್ಯುವ ಬಂಡಿಗಳು ಹೊರಗೆ ನಿಂತಿದ್ದವು, ಇಳಿದ ಅಪ್ಪ ತಿರುಗಿ ಮೇಲೆ ಬರಲಿಲ್ಲ. ನನಗೆ ಹನ್ನೆರಡು ವರ್ಷ. ನಾನು ಅಪ್ಪನ ಹಿಂದೆ ಜಿಗಿಯಲು ಹೋದೆ. ಗಜೇಂದ್ರಗಡದಲ್ಲಿ ಗಂಡನನ್ನು ಕಳೆದುಕೊಂಡು ಅದೇ ತಿಂಗಳು ಮನೆಗೆ ಬಂದಿದ್ದ ಅಕ್ಕ ಹಿಂದಿನಿಂದ ನನ್ನ ಹೊಟ್ಟೆ ತಬ್ಬಿ ಹಿಡಿದಳು. ಅವಳ ಉಗುರಿನ ಗಾಯ ಮಾಯಲು ಹದಿನೈದು ದಿನ ಬೇಕಾಯಿತು. ಆ ಹಗೇವನ್ನು ನಾವು ಮುಚ್ಚಿಸಲಿಲ್ಲ, ಜೋಳ ತುಂಬುತ್ತಲೇ ಬಂದಿದ್ದೇವೆ. ಆದರೆ ನಾನು ಈವರೆಗೆ ಯಾವ ಹಗೇವಿನಲ್ಲೂ ಇಳಿದಿಲ್ಲ.

೨ ಜನವರಿ ೧೯೫೭, ಬುಧವಾರ

ನಿನ್ನೆಯಿಂದ ಕ್ರಮ ಆರಂಭಿಸಿದೆ.

ಅಕ್ಕನಿಗೆ ಬೆಲ್ಲ, ಸಕ್ಕರೆ, ಬಾಳೆಹಣ್ಣು ಬಂದ್. ರೊಟ್ಟಿ ದಿನಕ್ಕೆ ಅರ್ಧ. ಹಿಟ್ಟೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಹುದುಗಿದ್ದು, ಹುಳಿ ಬಂದದ್ದು ಯಾವುದೂ ಬೇಡ, ಮಜ್ಜಿಗೆ ಕೂಡ. ಸೊಪ್ಪು, ಬೇಳೆಯ ಕಟ್ಟು, ತುಪ್ಪ. ಎರಡು ಹೊತ್ತು ಮಾಳಿಗೆಯ ಮೇಲೆ ಕುಳಿತು ದೀರ್ಘವಾಗಿ ಉಸಿರೆಳೆಯಬೇಕು. ಮಲಗುವುದೂ ಮಾಳಿಗೆಯ ಮೇಲೆ. ಗಾಳಿ ಕೊಡಬೇಕು, ಸಕ್ಕರೆ ತಡೆಯಬೇಕು. ಶತ್ರುವಿನ ಕೋಟೆಗೆ ದವಸ ನಿಲ್ಲಿಸಿದಂತೆ.

ಬೆಲ್ಲದ ಗಡಿಗೆಯನ್ನು ನನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ಬಾಳವ್ವ, "ಥಂಡಿ ಭಾಳ ಐತ್ರಿ, ಮ್ಯಾಲ ಹ್ಯಾಂಗ ಮಲಗ್ತಾರ?" ಎಂದಳು. ಎರಡು ಕಂಬಳಿ ಕೊಡು ಎಂದೆ.

ಅಕ್ಕ ನನ್ನ ವಿವರಣೆಯನ್ನೆಲ್ಲ ಕೇಳಿದಳು. ಆಮೇಲೆ, "ತಮ್ಮಾ, ನೀ ಸರಕಾರಕ್ಕ ಪತ್ರ ಬರೀತೀಯಲ್ಲ, ಹಂಗ ಈ ಗಂಟಿಗೂ ಒಂದು ಬರದ ನೋಡಪಾ. ಮೇಹರಬಾನ್ ಗಂಟಿನವರಿಗೆ, ತಾವು ಲಗೂ ಜಾಗಾ ಖಾಲಿ ಮಾಡಬೇಕು ಅಂತ."

"ನಗಬ್ಯಾಡ ಅಕ್ಕಾ. ಖರೇ ಹೇಳಾಕತ್ತೀನಿ."

"ನಾನೂ ಖರೇನ ಹೇಳಾಕತ್ತೀನಿ. ವಿಚಾರದಾಗ ಐತಿ ಅಂತ ಉತ್ತರಾ ಬಂದ್ರ, ಅಲ್ಲೀ ತನಕ ಬದುಕ್ತೀನಿ."

೧೪ ಜನವರಿ, ಸೋಮವಾರ

ಸಂಕ್ರಾಂತಿ. ಕೇರಿಯವರು ಎಳ್ಳು ಬೆಲ್ಲ ತಂದರು. ಬಾಗಿಲಲ್ಲೇ ನಿಂತು ತೆಗೆದುಕೊಂಡು ಕಪಾಟಿನಲ್ಲಿಟ್ಟೆ.

ಗಂಟು ಅಷ್ಟೇ ಇದೆ. ದಾರದಿಂದ ಬಾಳವ್ವ ಅಳೆಯುತ್ತಾಳೆ, ನಾನು ದಾರಕ್ಕೆ ಗುರುತು ಹಾಕಿ ಇಡುತ್ತೇನೆ. ಬೆಳೆದಿಲ್ಲ. ಈಶಪ್ಪನಿಗೆ ಬರೆದೆ.

೩ ಫೆಬ್ರುವರಿ, ರವಿವಾರ

ನಮ್ಮ ಕಾಳಿನ ಅಂಗಡಿ ಮುಚ್ಚಿದ ಮೇಲೆ ಅಕ್ಕನನ್ನು ಜೋಳದ ತಕ್ಕಡಿಯಲ್ಲಿ ತೂಗಿದೆ. ಹೂವಪ್ಪ ಮತ್ತು ನಾನು ಅವಳನ್ನು ಎತ್ತಿ ಪರಡಿಯಲ್ಲಿ ಕೂರಿಸಿದೆವು. ಹೂವಪ್ಪ ನಮ್ಮಲ್ಲಿ ಮೂವತ್ತು ವರ್ಷದಿಂದ ಹಗೇವು ತುಂಬುವ, ತೆಗೆಯುವ ಕೆಲಸದವನು. ಅಕ್ಕ ಎರಡೂ ಕಡೆಯ ಸರಪಳಿ ಹಿಡಿದು ಕುಳಿತಳು.

"ಹೂವಪ್ಪಾ, ಗಿರಾಕಿ ಯಾರೋ? ನರಗುಂದದವರೋ ಬೆಳವಣಿಕಿಯವರೋ?"

"ಯಾರಿಗೂ ಕೊಡೂದಿಲ್ಲ ಬಿಡ್ರಿ ಅವ್ವಾರ. ಇದು ಬೀಜದ ಮಾಲು."

ಹಾಗೆಂದು ಅವನು ತಕ್ಕಡಿಯ ಮುಳ್ಳಿನ ಕಡೆಗೆ ನೋಡಿದ, ಆಮೇಲೆ ನನ್ನನ್ನು ನೋಡಿದ. ಡಿಸೆಂಬರಿನಲ್ಲಿ ಒಂದು ಮಣ ಹನ್ನೆರಡು ಸೇರು ಇದ್ದಳು. ಇಂದು ಒಂದು ಮಣ ಮೂರು ಸೇರು. ಗಂಟಿಗೂ ಆಹಾರ ನಿಂತಿದೆ ಎಂಬುದಕ್ಕೆ ಇದೇ ಗುರುತು.

ಓಟು ಕೇಳುವವರು ಬಂದಿದ್ದರು. ಹಿಂದಿನ ಚುನಾವಣೆಯಲ್ಲಿ ಕೊಟ್ಟ ಏಳು ಮಾತುಗಳನ್ನು ಓದಿ ಹೇಳಬೇಕೆಂದು ಚೀಟಿ ಬರೆದಿಟ್ಟಿದ್ದೆ. ಚೀಟಿ ಎಲ್ಲಿಟ್ಟೆನೋ ಸಿಗಲಿಲ್ಲ. ಚಹಾ ಕುಡಿದು ಹೋದರು.

೧೦ ಫೆಬ್ರುವರಿ, ರವಿವಾರ

ಮುಂಜಾನೆ ಮಾಳಿಗೆ ಹತ್ತಿದಾಗ ಇರುವೆಯ ಸಾಲು ಕಂಡಿತು. ಗೋಡೆಯ ಬಿರುಕಿನಿಂದ ಅಕ್ಕನ ಹಾಸಿಗೆಯ ತನಕ. ದಿಂಬು ಎತ್ತಿದೆ. ಹಳೆಯ ಸೀರೆಯ ಚೂರಿನಲ್ಲಿ ಅಡಿಕೆಯಷ್ಟು ದೊಡ್ಡ ನಾಲ್ಕು ಬೆಲ್ಲದ ತುಣುಕು ಕಟ್ಟಿಟ್ಟಿದ್ದಳು. ಒಂದನ್ನು ನೆಕ್ಕಿ ಸಣ್ಣದು ಮಾಡಿದ್ದಳು.

ಬಾಳವ್ವ ನೆರೆಮನೆಯಿಂದ ತಂದು ಕೊಟ್ಟದ್ದು. ಕೂಗಾಡಿದೆ. ಓಣಿಗೆ ಕೇಳಿಸಿರಬೇಕು.

"ಕೊಟ್ಟೀನ್ರಿ. ಕೊಡಬಾರದಂದ್ರ ನನ್ನೂ ಕಪಾಟದಾಗ ಇಟ್ಟು ಕೀಲಿ ಹಾಕ್ರಿ" ಎಂದಳು ಬಾಳವ್ವ.

ಅಕ್ಕ ಆ ಸೀರೆಯ ಚೂರು ಬಿಚ್ಚಿ ಬೆಲ್ಲವನ್ನು ನನ್ನ ಕೈಗೆ ಕೊಟ್ಟಳು. "ತಗೋ. ಸಣ್ಣಾಂವ ಇದ್ದಾಗ ನೀ ಕದ್ದ ಬೆಲ್ಲಕ್ಕ ನಾ ಅಪ್ಪನ ಕೈಲೆ ಹೊಡಿಸ್ಕೊಂಡೀನಿ. ಲೆಕ್ಕಾ ಬರೋಬ್ಬರಿ ಆತು."

ತುಣುಕುಗಳನ್ನು ಹಿತ್ತಲಿನಲ್ಲಿ ಎಸೆದೆ.

೧೧ ಫೆಬ್ರುವರಿ

ಅಕ್ಕ ನನ್ನ ಕೈಯಿಂದ ಬಟ್ಟಲು ತೆಗೆದುಕೊಳ್ಳಲಿಲ್ಲ, ಬಾಳವ್ವನ ಕೈಯಿಂದ ತೆಗೆದುಕೊಂಡಳು. ಕಟ್ಟು ಕುಡಿದಳು.

೧೫ ಫೆಬ್ರುವರಿ

ಗಂಟು ದಾರದ ಗುರುತು ದಾಟಿದೆ. ದಾರ ಎಳೆದುಕೊಂಡಿರಬಹುದು. ಹೊಸ ದಾರ ತರಿಸಬೇಕು.

೨೬ ಫೆಬ್ರುವರಿ, ಮಂಗಳವಾರ

ಡಾಕ್ಟರ್ ಮಹಾಲಿಂಗಪ್ಪನವರು ನೋವಿನ ಸೂಜಿ ಹಾಕಲು ಬಂದಿದ್ದರು. ಅಕ್ಕನ ತೋಳು ಹಿಡಿದು ಸೂಜಿ ಹಾಕಲು ಮಾಂಸ ಹುಡುಕಿದರು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು, "ಏನು ಊಟಾ ಮಾಡ್ತಾರ?" ಎಂದರು. ಹೇಳಿದೆ. ಪತ್ರಿಕೆ ತಂದು ತೋರಿಸಿದೆ. ಅವರು ಲೇಖನವನ್ನು ಪೂರ್ತಿ ಓದಿದರು. ಅಷ್ಟು ಹೊತ್ತು ನಾನು ಹಗೇವಿನ ಕಲ್ಲನ್ನು ನೋಡುತ್ತ ಕುಳಿತೆ.

"ಪ್ರಭುಲಿಂಗಪ್ಪನವರ, ನೀವು ಮೂರು ವಾರ ಉಪವಾಸ ಮಾಡಿದ್ರೂ ನಿಮ್ಮ ರಕ್ತದಾಗ ಸಕ್ಕರಿ ಇರತೈತಿ. ಇರದಿದ್ರ ಮಿದುಳು ನಡಿಯೂದಿಲ್ಲ. ತಿನ್ನಾಕ ಕೊಡಲಿಲ್ಲಂದ್ರ ದೇಹ ಎಲ್ಲಿಂದ ತರತೈತಿ ಹೇಳ್ರಿ?"

ನಾನು ಪತ್ರಿಕೆಯನ್ನು ಮಡಚಿದೆ.

"ತನ್ನ ಮಾಂಸಾ ಕರಗಿಸಿ ಸಕ್ಕರಿ ಮಾಡತೈತಿ. ಆ ಗಂಟು ಬಿಟ್ಟ ಹುಳಿನ್ನೂ ಪಿತ್ತಕೋಶದ ಬಾಜೂಕಿನ ಯಕೃತ್ತು ತಿರುಗಿ ಸಕ್ಕರಿ ಮಾಡತೈತಿ. ಗಂಟಿಗೆ ಯಾವತ್ತೂ ಕಡಿಮಿ ಬೀಳೂದಿಲ್ಲ. ನೀವು ಬೆಲ್ಲಾ ನಿಲ್ಲಿಸೀರಿ. ಅದು ನಿಮ್ಮ ಅಕ್ಕನ್ನ ತಿಂತು."

"ಮೊದಲ ಯಾಕ ಹೇಳಲಿಲ್ರಿ?"

"ನೀವೆಲ್ಲಿ ಕೇಳಿದ್ರಿ? ನೀವು ಬರೇ ಹೇಳಿದ್ರಿ."

ಅವರು ಹೋದ ಮೇಲೆ ಅಂಚೆ ಬಂತು. ಈಶಪ್ಪ ಅದೇ ಪತ್ರಿಕೆಯ ಆಗಸ್ಟಿನ ಸಂಚಿಕೆ ಕಳಿಸಿದ್ದಾನೆ. ಅಮೇರಿಕದವರು ಜರ್ಮನಿಯವನಿಗೆ ಉತ್ತರ ಬರೆದಿದ್ದಾರೆ. ಕ್ಯಾನ್ಸರಿನ ಕಣವೂ ಚೆನ್ನಾಗಿ ಉಸಿರಾಡುತ್ತದಂತೆ, ಅಳೆದು ನೋಡಿದ್ದಾರಂತೆ. ಹುದುಗುವುದು ನಿಜ, ಆದರೆ ಉಸಿರಾಟ ಕೆಟ್ಟದ್ದರಿಂದ ಎಂದು ಹೇಳಲಾಗದು. ಹುದುಗು ರೋಗದ ಕಾರಣವೋ ರೋಗದ ನಡತೆಯೋ ಇನ್ನೂ ತೀರ್ಮಾನವಾಗಿಲ್ಲ. ಜೊತೆಗೆ ಈಶಪ್ಪನ ಕಾಗದ. "ಗಾಳಿ ಇದ್ದರೂ ಎಂದು ನೀನೇ ನನಗೆ ಬರೆದಿದ್ದಿ. ಗಾಳಿ ಇದ್ದರೂ ಹುದುಗುವ ಕಣಕ್ಕೆ ಗೌರಕ್ಕನನ್ನು ಮಾಳಿಗೆಯ ಮೇಲೆ ಮಲಗಿಸಿ ಏನು ಪ್ರಯೋಜನ? ಕೆಳಗೆ ಕರೆದುಕೊಂಡು ಬಾ."

ಡಿಸೆಂಬರ್ ೨೭ರ ಪುಟ ತೆಗೆದು ನೋಡಿದೆ. ಆ ಎರಡು ಶಬ್ದ ನನ್ನ ಅಕ್ಷರದಲ್ಲೇ ಇವೆ.

ಸಂಜೆ ಅಕ್ಕನನ್ನು ಕೆಳಗೆ ತಂದೆ. ಹೂವಪ್ಪನನ್ನು ಕರೆಯುವ ಅವಶ್ಯಕತೆ ಇರಲಿಲ್ಲ. ನಾನೊಬ್ಬನೇ ಎತ್ತಿದೆ.

೨೮ ಫೆಬ್ರುವರಿ, ಗುರುವಾರ

ಕಪಾಟಿನ ಕೀಲಿ ಬಾಳವ್ವನಿಗೆ ಕೊಟ್ಟೆ. ಅವಳು ಗೋಧಿ ಹುಗ್ಗಿ ಮಾಡಿದಳು. ಅಕ್ಕ ಚಮಚವನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟಳು.

"ರುಚಿ ಹತ್ತವಲ್ದವ್ವಾ ಬಾಳೀ. ಬಾಯಾಗ ಬೂದಿ ಹಾಕಿಧಂಗ ಐತಿ. ನಿಂದೇನ ತಪ್ಪಿಲ್ಲ, ಹುಗ್ಗಿ ಚಲೋ ಆಗೇತಿ."

೨ ಮಾರ್ಚ್

ಅದೇ. ಹಾಲು ಎರಡು ಗುಟುಕು.

೫ ಮಾರ್ಚ್, ಮಂಗಳವಾರ

ಏನು ತಿನ್ನಬೇಕು ಅನಿಸುತ್ತದೆ ಎಂದು ಅಕ್ಕನನ್ನು ಕೇಳಿದೆ. ಮೂರು ತಿಂಗಳಲ್ಲಿ ಈ ಪ್ರಶ್ನೆ ಕೇಳಿದ್ದು ಇಂದೇ ಮೊದಲು ಎಂದು ಬಾಳವ್ವ ಆಮೇಲೆ ಹೇಳಿದಳು. ಇರಬಹುದು.

ಅಕ್ಕ ಕಣ್ಣು ಮುಚ್ಚಿಕೊಂಡು ಹೇಳಿದಳು.

"ಗ್ವಾಡಿ ಜ್ವಾಳದ ರೊಟ್ಟಿ."

"ಅದನ್ನ ದನಕ್ಕ ಹಾಕ್ತೀವಿ ಅಕ್ಕಾ."

"ಗೊತ್ತೈತಿ. ಹಗೇವು ತಗದ ದಿನ ಮೊದಲ ಸೇರಿನ ರೊಟ್ಟಿ ಬೆಲ್ಲಾ ಹಚ್ಚಿ ಎಲ್ಲಾರೂ ತಿನ್ನೂದು ನಮ್ಮನೀ ಪದ್ಧತಿ. ನೀವೆಲ್ಲಾ ನಡುವಿನ ಬಿಳೀ ಜ್ವಾಳದ್ದು ತಿಂತಿದ್ರಿ. ನಾ ಸಣ್ಣಾಕಿ ಇದ್ದಾಗ ಅವ್ವ ನನಗ ಬ್ಯಾರೇ ಮಾಡಿ ಕೊಡ್ತಿದ್ಲು. ಹುಳಿ ಹುಳಿ ವಾಸನಿ. ಅಪ್ಪ ಹೋದ ಮ್ಯಾಲ ಬಾಯಾಗ ಇಟ್ಟಿಲ್ಲ."

ಹೊಸ ಜೋಳ ಕಣಕ್ಕೆ ಬರುತ್ತಿದೆ. ಮುಶಿಗೇರಿಯ ಹೊಲದ ರಾಶಿ ಮುಗಿಯುವುದರೊಳಗೆ ಹೇಗೂ ಹಗೇವು ಖಾಲಿ ಮಾಡಬೇಕು. ಹೂವಪ್ಪನಿಗೆ ಹೇಳಿ ಕಳಿಸಿದೆ.

೮ ಮಾರ್ಚ್, ಶುಕ್ರವಾರ

ಹಗೇವು ತೆಗೆದೆವು. ಹೂವಪ್ಪ ಮಣ್ಣು ಕೆದರಿ ಕಲ್ಲು ಸರಿಸಿದ. ಬಿಸಿ ಉಸಿರು ಮೇಲೆ ಬಂತು. ಮಧ್ಯಾಹ್ನ ಕಂದೀಲು ಇಳಿಸಿದ. ಹಗೇವಿನ ಕೊರಳಿನ ಕೆಳಗೆ ಒಂದು ಮೊಳ ಹೋಗುವಷ್ಟರಲ್ಲಿ ದೀಪ ಸಣ್ಣದಾಗಿ ನೀಲಿಯಾಗಿ ಹೋಯಿತು. ಯಾರೂ ಊದಲಿಲ್ಲ.

"ನಾಳಿಗೆ ನೋಡೂಣ್ರಿ" ಎಂದ ಹೂವಪ್ಪ.

ಕಿಟಕಿಯಿಂದ ಅಕ್ಕ ಕೂಗಿದಳು. ಇಷ್ಟು ದೊಡ್ಡ ದನಿ ಅವಳಲ್ಲಿ ಉಳಿದಿದೆ ಎಂದು ಗೊತ್ತಿರಲಿಲ್ಲ. "ದೀಪ ಆರಿತೇನೋ?"

"ಆರಿತ್ರಿ ಅವ್ವಾರ."

"ತಮ್ಮನ್ನ ದೂರ ನಿಲ್ಲಸು."

೯ ಮಾರ್ಚ್, ಶನಿವಾರ

ಇಂದು ದೀಪ ಜೋಳದ ಮೇಲೆ ಕುಳಿತೂ ಉರಿಯಿತು. ಹೂವಪ್ಪ ಧೋತರ ಕಟ್ಟಿಕೊಂಡ. ನಾನು ಇಳಿಯುತ್ತೇನೆ ಎಂದೆ.

"ಯಾಕ್ರಿ ಸಾವಕಾರ್ರ, ನಾ ಸತ್ತೇನೇನ್ರಿ?"

"ಗ್ವಾಡಿ ಜ್ವಾಳ ತರಬೇಕು."

"ನಾ ತರಂಗಿಲ್ಲೇನು? ಮೂವತ್ತು ವರ್ಷದಿಂದ ನಾನ ತರಾಕತ್ತೀನಿ. ನಿಮಗ ಕರೇದು ಬಿಳೇದು ಕತ್ತಲಾಗ ಗುರುತ ಹತ್ತೂದಿಲ್ಲ."

ಆದರೂ ಹಗ್ಗ ಹಿಡಿದು ಇಳಿಸಿದ. ಬಾಯಿ ದಾಟುವಾಗ ಭುಜ ಎರಡೂ ಕಡೆ ತಾಗುತ್ತವೆ. ಆಮೇಲೆ ಒಮ್ಮೆಲೆ ಅಗಲ. ಕಾಲು ಜೋಳದಲ್ಲಿ ಮೊಣಕಾಲಿನ ತನಕ ಹುಗಿಯಿತು. ಬೆಚ್ಚಗಿತ್ತು. ಕಂದೀಲು ಪಕ್ಕದಲ್ಲೇ ಉರಿಯುತ್ತಿತ್ತು. ನಾನು ಹೆದರಬಹುದು ಎಂದುಕೊಂಡಿದ್ದೆ. ಹೆದರಿಕೆ ಬರಲಿಲ್ಲ, ಅಳುವೂ ಬರಲಿಲ್ಲ. ಮೇಲೆ ನೋಡಿದರೆ ಬಾಯಿ ಒಂದು ತಟ್ಟೆಯಷ್ಟು ಆಕಾಶ, ಅದರ ಅಂಚಿನಲ್ಲಿ ಹೂವಪ್ಪನ ರುಮಾಲು. ಅಪ್ಪ ಕೊನೆಗೆ ನೋಡಿದ್ದೂ ಇಷ್ಟೇ, ರುಮಾಲಿನ ಬದಲು ನನ್ನ ಮತ್ತು ಅಕ್ಕನ ತಲೆ.

ಗೋಡೆಗೆ ಹಾಸಿದ್ದ ಹುಲ್ಲನ್ನು ಸರಿಸಿ ಕೈ ಹಾಕಿದೆ. ಅಲ್ಲಿಯ ಜೋಳ ಒದ್ದೆ, ಒಂದಕ್ಕೊಂದು ಅಂಟಿಕೊಂಡು ಹೆಂಟೆಯಾಗಿತ್ತು. ನಡುವಿನದಕ್ಕಿಂತ ಬಿಸಿ ಇತ್ತು. ಮೂಸಿ ನೋಡಿದೆ. ಪತ್ರಿಕೆಯಲ್ಲಿ ಈ ವಾಸನೆಯ ಬಗ್ಗೆ ಏನೂ ಇರಲಿಲ್ಲ. ಬೂಷ್ಟು ಹಿಡಿದದ್ದನ್ನು ಬಿಟ್ಟು ಎರಡು ಸೇರಿನಷ್ಟು ಚೀಲಕ್ಕೆ ತುಂಬಿದೆ.

"ಮಾತಾಡ್ರಿ ಸಾವಕಾರ್ರ!" ಎಂದು ಹೂವಪ್ಪ ಮೇಲಿನಿಂದ ಮೂರು ಸಲ ಕೂಗಿದ. ಒಳಗಿರುವವನು ಮಾತಾಡುತ್ತಿರಬೇಕು, ಅದು ಈ ಕೆಲಸದ ನಿಯಮ. ಐದನೆಯ ಅರ್ಜಿಯ ಮೊದಲ ಸಾಲನ್ನು ದೊಡ್ಡದಾಗಿ ಹೇಳಿದೆ. ಬರೆದಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ.

ಬಾಳವ್ವ ಜೋಳ ತೊಳೆದು ಒಣಗಿಸಿ ಬೀಸಿದಳು. ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ತಟ್ಟಿದರೆ ಅಂಚು ಒಡೆಯಿತು. ಬೂದಿ ಬಣ್ಣದ, ಅಂಗೈಯಗಲದ ರೊಟ್ಟಿ. ನಾನು ಬೆಲ್ಲ ಕುಟ್ಟಿ ತುಪ್ಪದಲ್ಲಿ ಕಲಸಿ ಹಚ್ಚಿದೆ.

ಅಕ್ಕ ಮೊದಲು ಮೂಸಿದಳು. "ಅಪ್ಪನ ಅಂಗೀ ವಾಸನಿ" ಎಂದಳು. ಒಂದು ಚೂರು ಮುರಿದು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದಳು. ನುಂಗಿದಳು. ಇನ್ನೊಂದು ಚೂರು.

"ರುಚಿ ಹತ್ತಿತೇನ್ರಿ ಅಕ್ಕಾರ?" ಎಂದಳು ಬಾಳವ್ವ.

"ಹತ್ತಿತು." ನನ್ನ ಕಡೆ ನೋಡಿದಳು. "ನೀ ಇಳದಿದ್ದಿ?"

"ಹೂಂ."

"ಹೂವಪ್ಪಗ ಕೈ ಇರಲಿಲ್ಲೇನು?"

ಅವಳು ಉಳಿದ ರೊಟ್ಟಿಯನ್ನು ನನ್ನ ಕಡೆ ತಳ್ಳಿದಳು. ತಿಂದೆ. ಹುಳಿ, ಕಹಿ, ಹಿಂದಿನಿಂದ ಬೆಲ್ಲ. ದನಗಳು ಇದನ್ನು ಏಕೆ ಇಷ್ಟಪಡುತ್ತವೆ ಎಂದು ತಿಳಿಯಿತು.

೧೭ ಮಾರ್ಚ್, ರವಿವಾರ

ದಿನಾ ಒಂದು ಚೂರು ತಿನ್ನುತ್ತಾಳೆ. ತೂಗುವುದನ್ನು ನಿಲ್ಲಿಸಿದ್ದೇನೆ. ದಾರ ಎಲ್ಲಿದೆಯೋ.

ನೋವು ಇಲ್ಲದ ಹೊತ್ತಿನಲ್ಲಿ ಮಾತಾಡುತ್ತಾಳೆ. ಇಂದು ನನ್ನ ಅಂಗಿ ಎತ್ತಲು ಹೇಳಿದಳು. ಹೊಟ್ಟೆಯ ಮೇಲೆ ಬೆರಳಾಡಿಸಿದಳು.

"ಇಲ್ಲೇ ಚುಚ್ಚಿದ್ದೆ. ಏನೂ ಉಳದಿಲ್ಲ ನೋಡು."

"ಅವತ್ತು ಬಿಟ್ಟಿದ್ರ ನಾನೂ ಹೋಗ್ತಿದ್ದೆ."

"ಹೋಗ್ತಿದ್ದಿ. ಅಪ್ಪಗೇನು ಉಪಯೋಗ ಆಗ್ತಿತ್ತು?" ಆಮೇಲೆ, "ಈಗೂ ಈ ಗಂಟಿನ ಹಿಂದ ನೀ ಹಂಗ ಜಿಗದೀ. ನನ್ನ ಕೈಯಾಗ ಹಿಡಿಯೂ ತಾಕತ್ತ ಇರಲಿಲ್ಲ, ಅದಕ್ಕ ಸುಮ್ಮನಿದ್ದೆ."

ಅಂಗಿ ಇಳಿಸಿದೆ. ಹೊರಗೆ ಧ್ವನಿವರ್ಧಕದಲ್ಲಿ ಯಾರೋ ಚುನಾವಣೆಯಲ್ಲಿ ಗೆದ್ದವರ ಹೆಸರು ಕೂಗುತ್ತಿದ್ದರು. ಯಾರೆಂದು ಕೇಳಲಿಲ್ಲ.

೧ ಏಪ್ರಿಲ್, ಸೋಮವಾರ

ಯುಗಾದಿ. ಇಂದಿನಿಂದ ದೇಶದಲ್ಲಿ ಹೊಸ ಪೈಸೆ ಚಲಾವಣೆಯಂತೆ. ಹಳ್ಳಿಯವರಿಗೆ ಆಗುವ ಗೊಂದಲದ ಬಗ್ಗೆ ಪತ್ರಿಕೆಗೆ ಬರೆಯಬೇಕೆಂದು ವರ್ಷದ ಹಿಂದೆ ಟಿಪ್ಪಣಿ ಮಾಡಿಟ್ಟಿದ್ದೆ.

ಬೇವು ಬೆಲ್ಲ ಬೆರಳಿನಿಂದ ಅಕ್ಕನ ನಾಲಿಗೆಗೆ ಹಚ್ಚಿದೆ. ಬೆರಳನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

೪ ಏಪ್ರಿಲ್, ಗುರುವಾರ

ಮುಂಜಾನೆ ಎಂಟೂ ಕಾಲಿಗೆ. ಬಾಳವ್ವ ಅಕ್ಕನ ತಲೆ ಬಾಚುತ್ತಿದ್ದಳು.

೫ ಏಪ್ರಿಲ್

ಹೂವಪ್ಪ ಕುಣಿ ತೋಡಿದ. ನಮ್ಮಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಅಳತೆ ಯಾರೂ ಹೇಳಬೇಕಾಗಲಿಲ್ಲ. ತಳಕ್ಕೆ ಇಳಿದು ಕೈಯಿಂದ ನೆಲ ಸವರಿ ನೋಡಿ, "ಪಸೆ ಇಲ್ರಿ, ಒಣಾ ಐತಿ" ಎಂದ. ನಾನು ಚಲೋ ಆತು ಎಂದೆ.

೧೩ ಏಪ್ರಿಲ್, ಶನಿವಾರ

ಎರಡು ಸಂಚಿಕೆಗಳನ್ನೂ ಕಾಗದದಲ್ಲಿ ಸುತ್ತಿ ಈಶಪ್ಪನಿಗೆ ಅಂಚೆಗೆ ಹಾಕಿದೆ. ಕಾರಣವೋ ನಡತೆಯೋ ತೀರ್ಮಾನವಾದರೆ ತಿಳಿಸು ಎಂದು ಬರೆದೆ. ಅವಸರ ಇಲ್ಲ ಎಂದೂ ಬರೆದೆ.

ಹೆಣ್ಣು ಡಾಕ್ಟರಿನ ಅರ್ಜಿಯನ್ನೂ ಇಂದು ಹಾಕಿದೆ. ನಾಲ್ಕು ಸಾಲು. ಹಿಂದಿನವು ನಾಲ್ಕು ನಾಲ್ಕು ಪುಟ ಇದ್ದವು. ಅಕ್ಕನ ಹೆಸರು, ವಯಸ್ಸು, ಅವಳು ಮುಚ್ಚಿಟ್ಟ ತಿಂಗಳುಗಳ ಸಂಖ್ಯೆ ಬರೆದೆ. ಕೆಳಗೆ ಸಹಿ.

೨೦ ಏಪ್ರಿಲ್, ಶನಿವಾರ

ಮುಶಿಗೇರಿಯ ಜೋಳ ಬಂತು. ಹಗೇವಿಗೆ ಹೊಸ ಹುಲ್ಲು ಹಾಸಿ ತುಂಬಿದೆವು. ಸಂಜೆಯ ಹೊತ್ತಿಗೆ ಕೊರಳಿನ ತನಕ ಬಂತು. ಹೂವಪ್ಪ ಮಣ್ಣು ಕಲಸಿ ಇಟ್ಟುಕೊಂಡು, "ಬಾಯಿ ಮುಚ್ಚಲ್ರಿ?" ಎಂದ.

"ನಾಳೆ ಮುಚ್ಚು."

"ಯಾಕ್ರಿ? ತುಂಬಿದ ಮ್ಯಾಲ ತೆರದಿಟ್ರ ಹುಳಾ ಬೀಳತೈತ್ರಿ."

"ಬಿದ್ದರ ಬೀಳಲಿ. ಒಂದು ದಿನ ಗಾಳಿ ಆಡಲಿ."

ಅವನು ಮಣ್ಣಿನ ಮೇಲೆ ಒದ್ದೆ ಗೋಣಿ ಹೊಚ್ಚಿ ಹೋದ. ನಾನು ಹಗೇವಿನ ಹತ್ತಿರ ಹೋಗಿ ನಿಂತೆ. ನೋಡುವಂಥದ್ದು ಏನೂ ಇರಲಿಲ್ಲ. ಕಾಳು ಬಾಯಿಯ ತನಕ ಬಂದಿದೆ, ಬೀಳಲು ಜಾಗವೇ ಇಲ್ಲ. ಎಷ್ಟು ಹೊತ್ತು ನಿಂತೆನೋ. ಹಗೇವಿನ ಕಡೆ ಎಂದೂ ಬಾರದ ಬಾಳವ್ವ ಅಡಿಗೆಮನೆಯಿಂದ ಬಂದಳು, ಹಿಟ್ಟಿನ ಕೈಯಲ್ಲೇ. ಹಿಂದಿನಿಂದ ನನ್ನ ಅಂಗಿಯ ತುದಿ ಹಿಡಿದುಕೊಂಡಳು.

ಬಿಡು ಎನ್ನಲಿಲ್ಲ. ಅವಳು ಎಳೆದ ಕಡೆ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.